ಮಾಸು ಕೆಳಗಿದೆ ಅಂದಾಗ ನಾನು ಮೊದಲು ನೋಡುವುದು

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು (ಪ್ಲಾಸೆಂಟಾ) ಗರ್ಭಕೋಶದ ಬಾಯಿಯ ಹತ್ತಿರ, ಕೆಳಗಿದೆ ಎಂದು ಬಂದರೆ ಸಾಕು, ಮನೆಯವರು ಬಸುರಿಯನ್ನು ಹಾಸಿಗೆ ಬಿಟ್ಟು ಏಳಲು ಬಿಡುವುದಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಹೀಗೆ ಹೆದರಿ ಬರುವವರೇ ಜಾಸ್ತಿ. "ಕೊಡ ಎತ್ತಿದ್ದಕ್ಕೆ ಇಳೀತಾ ಮೇಡಂ?" ಎಂದು ಅತ್ತೆಯರು ಕೇಳುತ್ತಾರೆ. ಇಲ್ಲಮ್ಮ, ಅದು ಶುರುವಿನಲ್ಲೇ ಅಂಟಿಕೊಂಡ ಜಾಗ. ತಿಂಗಳು ತುಂಬುತ್ತಾ ಗರ್ಭಕೋಶದ ಕೆಳಭಾಗ ಹಿಗ್ಗುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಗೆ ಮಾಸು ಗರ್ಭಕೋಶದ ಬಾಯಿಂದ ದೂರ ಸರಿದಿರುತ್ತದೆ. 32 ವಾರಕ್ಕೆ ಮತ್ತೆ ಸ್ಕ್ಯಾನ್ ಬರೆದು ಕಳಿಸುತ್ತೇನೆ, ಅಷ್ಟೇ. ರಕ್ತ ಕಾಣದವರನ್ನು ಸುಮ್ನೆ ಮಲಗಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

ನನ್ನ ಚಿಂತೆ ಬೇರೆಯದು. ತಾಯಿ ಕಾರ್ಡ್ ಕೈಗೆ ಬಂದ ಕೂಡಲೇ ಹಿಂದಿನ ಹೆರಿಗೆ ಸಿಸೇರಿಯನ್ನಾ ಎಂದು ನೋಡುತ್ತೇನೆ. ಹಳೇ ಹೊಲಿಗೆಯ ಜಾಗದಲ್ಲೇ ಮಾಸು ಕೂತರೆ ಅದು ಗರ್ಭಕೋಶದ ಗೋಡೆಯೊಳಕ್ಕೆ ಇಳಿದುಬಿಡಬಹುದು. ಇದಕ್ಕೆ ಅಕ್ರೀಟಾ ಎನ್ನುತ್ತೇವೆ. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿದ್ದು, ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಇದರ ಸಾಧ್ಯತೆ ಸುಮಾರು 11%. ಎರಡಾಗಿದ್ದರೆ 40%. ಮಗು ಬಂದ ಮೇಲೂ ಮಾಸು ಬಿಡುವುದಿಲ್ಲ. ಬಲವಂತವಾಗಿ ಎಳೆದರೆ ರಕ್ತ ನಿಲ್ಲುವುದಿಲ್ಲ.

ಎರಡು ಸಿಸೇರಿಯನ್ ಆಗಿದ್ದ ಒಬ್ಬರಿಗೆ ಒಂದು ತೊಟ್ಟು ರಕ್ತವೂ ಹೋಗಿರಲಿಲ್ಲ. "ಗಟ್ಟಿಮುಟ್ಟಾಗಿದ್ದಾಳಲ್ಲ, ಇಲ್ಲೇ ಮಾಡಿ" ಎಂದು ಗಂಡ ಹಟ ಹಿಡಿದರು. ನಮ್ಮಲ್ಲಿ ಫ್ರಿಜ್ಜಿನಲ್ಲಿ ಇರುವುದೇ ಕೆಲವು ಬಾಟಲಿ ರಕ್ತ. ಬೈಸಿಕೊಂಡೇ ಮೆಡಿಕಲ್ ಕಾಲೇಜಿಗೆ ಕಳಿಸಿದೆ. ಅಲ್ಲಿ ಮೂತ್ರಕೋಶದ ಸರ್ಜನ್ನನ್ನೂ ಜೊತೆಗಿಟ್ಟುಕೊಂಡು, ನೋವು ಶುರುವಾಗುವ ಮೊದಲೇ 35ನೇ ವಾರದಲ್ಲಿ ಆಪರೇಷನ್ ಮಾಡಿದರು. ಗರ್ಭಕೋಶ ತೆಗೆಯಬೇಕಾಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ರಕ್ತ ಹೋಗುತ್ತಾ ಬಂದವರ ಲೆಕ್ಕವೇ ಬೇರೆ. ನೋವಿಲ್ಲದೆ ಕೆಂಪು ರಕ್ತ ಹೋದರೆ, ಮಾಸು ಎಲ್ಲಿದೆ ಎಂದು ಸ್ಕ್ಯಾನ್‌ನಲ್ಲಿ ತಿಳಿಯುವವರೆಗೆ ಒಳಗೆ ಬೆರಳಿಟ್ಟು ಪರೀಕ್ಷೆ ಮಾಡಲು ಯಾರಿಗೂ ಬಿಡುವುದಿಲ್ಲ. ಬೆರಳು ತಾಗಿದರೆ ರಕ್ತಸ್ರಾವ ಒಮ್ಮೆಗೇ ಜೋರಾಗಬಹುದು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ, ನೋವು ಬಿಡದಿದ್ದರೆ ಮಾಸು ಹೆರಿಗೆಗೆ ಮುಂಚೆಯೇ ಕಿತ್ತಿದೆ ಎಂಬ ಅನುಮಾನ. ಬಿಪಿ ಇರುವವರಲ್ಲಿ ಇದು ಜಾಸ್ತಿ. ರಕ್ತ ಒಳಗೇ ನಿಂತಿರಬಹುದು, ಬಟ್ಟೆ ನೋಡಿ ಅಳೆಯಬಾರದು. ಸ್ಕ್ಯಾನ್‌ನಲ್ಲೂ ಎಷ್ಟೋ ಸಲ ಕಾಣುವುದಿಲ್ಲ. ಅಂಥವರನ್ನು ಸ್ಕ್ಯಾನಿಂಗ್ ಸೆಂಟರ್ ಸುತ್ತಿಸದೆ, 108 ಹತ್ತಿಸಿ ನೇರ ಸಿಸೇರಿಯನ್ ಆಗುವ ಆಸ್ಪತ್ರೆಗೆ ಕರೆದೊಯ್ಯಲು ಆಶಾ ಕಾರ್ಯಕರ್ತೆಯರಿಗೆ ಹೇಳಿಟ್ಟಿದ್ದೇನೆ.