ಎರಡನೇ ಶನಿವಾರಕ್ಕೆ ವಿಷಯ ಆರಿಸುವುದು ಹೇಗೆ?

ಸಾಗರದಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ತಿಂಗಳ ಎರಡನೇ ಶನಿವಾರ ಸಂಜೆ ಆರಕ್ಕೆ ಯಂತ್ರ ನಿಲ್ಲಿಸಿ, ಕಾಗದದ ಬಂಡಲುಗಳನ್ನು ಗೋಡೆಗೆ ಸರಿಸಿದರೆ ಹದಿನೈದು ಜನ ಕೂರುವಷ್ಟು ಜಾಗವಾಗುತ್ತದೆ. ಅಲ್ಲಿ ಕುಳಿತು ಊರಿನ, ನಾಡಿನ ಆಗುಹೋಗುಗಳನ್ನು ಚರ್ಚಿಸುತ್ತೇವೆ. ಸಭೆಯ ವಿಷಯ ತಿಳಿಸುವ ಚೀಟಿ ಅಚ್ಚು ಹಾಕುವವನು ನಾನೇ ಆದ್ದರಿಂದ ವಿಷಯ ಆರಿಸುವ ಕೆಲಸವೂ ನನಗೇ ಅಂಟಿಕೊಂಡಿತು. ಇಂಥ ಬಳಗ ಕಟ್ಟಲು ಹೊರಟವರು ಆಗಾಗ ವಿಚಾರಿಸುತ್ತಾರೆ, ಅವರಿಗಾಗಿ ಇದು.

ಮೊದಲ ಸಭೆಗೆ ನಾನು ಇಟ್ಟ ವಿಷಯ ‘ಯುವಜನತೆ ಮತ್ತು ನೈತಿಕ ಮೌಲ್ಯಗಳು’. ಇಪ್ಪತ್ತು ನಿಮಿಷದಲ್ಲಿ ಎಲ್ಲರೂ ಎಲ್ಲವನ್ನೂ ಒಪ್ಪಿ ಸುಮ್ಮನಾದರು. (ಯುವಕರು ಒಬ್ಬರೂ ಬಂದಿರಲಿಲ್ಲ.) ಹೊರಗೆ ಚಪ್ಪಲಿ ಮೆಟ್ಟುವಾಗ ಮಾತ್ರ, ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಸುವುದು ದಂಡವೋ ಅಲ್ಲವೋ ಎಂದು ಶುರುವಾದ ವಾದ ಮುಕ್ಕಾಲು ಗಂಟೆ ನಡೆಯಿತು. ಅಂದಿನಿಂದ ನನ್ನ ಕಿವಿ ಚಪ್ಪಲಿ ಬಿಡುವ ಜಾಗದಲ್ಲಿರುತ್ತದೆ. ಮುಂದಿನ ತಿಂಗಳ ವಿಷಯ ಅಲ್ಲೇ ಸಿಗುತ್ತದೆ.

ಸಿಕ್ಕಿದ್ದನ್ನು ಪ್ರಶ್ನೆಯಾಗಿಸಿ. ಮದುವೆ ಪತ್ರಿಕೆ ಕತ್ತರಿಸಿ ಉಳಿದ ಪಟ್ಟಿಯ ಮೇಲೆ ನಾನು ಚೀಟಿ ಅಚ್ಚು ಹಾಕುವುದು. ಎಂಟು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆ ಇಕ್ಕಟ್ಟು ಒಳ್ಳೆಯದೇ ಆಯಿತು. ‘ಅಭಿವೃದ್ಧಿ’ ಎಂದು ಬರೆದರೆ ಭಾಷಣ ಗ್ಯಾರಂಟಿ. ‘ಸಿಗಂದೂರು ಸೇತುವೆಯ ಲಾಭ ತುಮರಿಯವರಿಗೋ, ಯಾತ್ರಿಕರಿಗೋ?’ ಎಂದು ಬರೆಯಿರಿ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಆ ಸೇತುವೆ ತೆರೆದ ಮೇಲೆ ಇದನ್ನಿಟ್ಟಾಗ, ಲಾಂಚಿಗೆ ಕಾದು ಕಾದು ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ನಮ್ಮಲ್ಲಿ ಮೊದಲ ಸಲ ಬಾಯಿಬಿಟ್ಟಳು.

ಬಂದವರಲ್ಲಿ ಒಬ್ಬರಾದರೂ ಆ ವಿಷಯದ ಬಿಸಿ ತಾಗಿದವರಾಗಿರಬೇಕು. ‘ಅರಣ್ಯ ಹಕ್ಕು: ಒಂದು ಚಿಂತನೆ’ ಎಂದಿಟ್ಟು ಸೋತಿದ್ದೆವು. ಮರುವರ್ಷ ‘75 ವರ್ಷದ ದಾಖಲೆ ಯಾರ ಮನೆಯಲ್ಲಿದೆ?’ ಎಂದು ಬದಲಿಸಿದೆ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕೆನ್ನುತ್ತದೆ 2006ರ ಕಾಯ್ದೆ. ಹಿನ್ನೀರಿನ ಕಡೆಯ ಹಿರಿಯರೊಬ್ಬರು ಪ್ಲಾಸ್ಟಿಕ್ ಕವರಿನಿಂದ, ಮಡಿಕೆಯಲ್ಲೇ ಹರಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹಾಸಿದರು. “ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೇ 1964ರಲ್ಲಿ. ನಮ್ಮನ್ನು ಎಬ್ಬಿಸಿ ಕಾಡಿಗೆ ತಂದುಬಿಟ್ಟದ್ದು ಆ ಹೊತ್ತಿಗೆ. 75 ವರ್ಷ ಎಲ್ಲಿಂದ ತರಲಿ?” ಎಂದರು. ಒತ್ತುವರಿ ಎಂದರೆ ಉರಿದುಬೀಳುವ ನಿವೃತ್ತ ಮೇಷ್ಟರು ಕನ್ನಡಕ ಏರಿಸಿ ಆ ಕಾಗದವನ್ನು ಎರಡು ಸಲ ಓದಿದರು. ವಾದ ಬಿಡಲಿಲ್ಲ, ಆದರೆ ‘ಒತ್ತುವರಿ’ ಎಂಬ ಮಾತು ಆ ಸಂಜೆ ಅವರ ಬಾಯಿಂದ ಮತ್ತೆ ಬರಲಿಲ್ಲ.

ಹಂಗಾಮು ನೋಡಿಕೊಳ್ಳಿ. ಕಾಡಿನ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಬೇಸಿಗೆಯತ್ತ ಅದು ಹೆಚ್ಚು. ಮಾರ್ಚಿನಲ್ಲಿ ಚರ್ಚಿಸಿದರೆ ಬೈಗುಳವಷ್ಟೇ ಉಳಿಯುತ್ತದೆ, ನವೆಂಬರಿನಲ್ಲಾದರೆ ದರಕಿಗೆ, ಅಂದರೆ ಒಣಗಿದ ಎಲೆ ತರಲು, ಕಾಡಿಗೆ ಹೋಗುವವರಿಗೆ ಏನಾದರೂ ಹೇಳಬಹುದು. ಜುಲೈಗೆ ಗಹನವಾದದ್ದು ಬೇಡ. ನಮ್ಮ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ದೆಹಲಿಯ ವಿಷಯ ಬೇಡವೆಂದಲ್ಲ. ಜನಸಂಖ್ಯೆಗೆ ತಕ್ಕಂತೆ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆ ಚರ್ಚಿಸಿದ ದಿನ, ಕರ್ನಾಟಕಕ್ಕೆ 28 ಸ್ಥಾನ ಹಂಚಿಕೆಯಾದದ್ದು 1971ರ ಜನಗಣತಿಯ ಲೆಕ್ಕದಲ್ಲಿ ಎಂಬ ಒಂದೇ ಸಾಲನ್ನು ಬೋರ್ಡಿನ ಮೇಲೆ ಬರೆದಿಟ್ಟೆ. ಮಕ್ಕಳು ಕಡಿಮೆಯಾದ ರಾಜ್ಯಕ್ಕೆ ಶಿಕ್ಷೆಯೇ ಎಂದು ಒಬ್ಬರು, ಒಂದು ತಲೆಗೆ ಒಂದು ಮತ ಬೇಡವೇ ಎಂದು ಇನ್ನೊಬ್ಬರು. ಪಕ್ಷಗಳ ಹೆಸರು ಒಂದು ಗಂಟೆ ಬರಲೇ ಇಲ್ಲ. ಚುನಾವಣೆಯ ತಿಂಗಳಲ್ಲಿ ಮಾತ್ರ ಈ ಸಾಹಸ ಬೇಡ. ಬಂದವರಲ್ಲೇ ಇಬ್ಬರ ನಡುವೆ ನ್ಯಾಯಾಲಯದಲ್ಲಿರುವ ತಕರಾರನ್ನಂತೂ ಯಾವ ತಿಂಗಳೂ ಎತ್ತಬೇಡಿ. ನಾನು ಎತ್ತಿ ಇಬ್ಬರನ್ನೂ ಕಳೆದುಕೊಂಡೆ.

ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನು ಎಸೆಯಬೇಡಿ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚುಕಡಿಮೆ ನಮ್ಮ ಮುಂದಿನ ಸಭೆಯ ಹೊತ್ತಿಗೆ. ಬಂದರೆ ಅದನ್ನೇ ಓದಿ ಚರ್ಚಿಸುತ್ತೇವೆ. ಬಾರದಿದ್ದರೆ ‘ಉತ್ತರ ಏಕೆ ಬರಲಿಲ್ಲ?’ ಎಂದು ಅಚ್ಚು ಹಾಕುತ್ತೇನೆ. ಪಟ್ಟಿಯಲ್ಲಿ ಇನ್ನೂ ಐದು ಪದಕ್ಕೆ ಜಾಗ ಉಳಿಯುತ್ತದೆ.