ಪರದೆ ತೆಗೆದ ಮೇಲೂ ಉಳಿದ ಜ್ವಾಲೆ

ಹತ್ತನೇ ತರಗತಿಗೆ ಮಸೂರದ (ಲೆನ್ಸಿನ) ಪಾಠ ಮಾಡುವಾಗ ಬಹಳ ವರ್ಷ ನಾನು ಹೇಳುತ್ತಿದ್ದದ್ದು ಒಂದೇ ಮಾತು. ಪರದೆ ಮೇಲೆ ಹಿಡಿಯಲು ಬಂದರೆ ಸತ್ಯ ಪ್ರತಿಬಿಂಬ, ಬಾರದಿದ್ದರೆ ಮಿಥ್ಯ. ಪರೀಕ್ಷೆಗೆ ಅಷ್ಟು ಸಾಕು. ಒಂದು ದಿನ ಪರದೆಯಾಗಿ ಬಿಳಿ ಹಾಳೆ ಹಿಡಿದು ನಿಂತಿದ್ದ ಹುಡುಗಿ ಕೈ ನೋವು ಅಂತ ಹಾಳೆ ಇಳಿಸಿದಳು. "ಮಿಸ್, ಈಗ ಬಿಂಬ ಎಲ್ಲಿ ಹೋಯ್ತು?" ಎಂದಳು. ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ ಎಂದೆ. ಯಾರೂ ನಂಬಲಿಲ್ಲ. ತೋರಿಸಲೇಬೇಕು ಅನ್ನಿಸಿತು.

ಈಗ ಪಾಠವನ್ನು ಕಿಟಕಿಯಿಂದ ಶುರು ಮಾಡುತ್ತೇನೆ. ಪೀನ ಮಸೂರವನ್ನು, ಅಂದರೆ ನಡುವೆ ದಪ್ಪಗಿರುವ ಮಸೂರವನ್ನು, ಎದುರಿನ ಗೋಡೆಯ ಹತ್ತಿರ ಹಿಡಿದರೆ ಹೊರಗಿನ ತೆಂಗಿನಮರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ, ಗರಿ ಅಲ್ಲಾಡುವುದೂ ಕಾಣುತ್ತದೆ. ಮಸೂರದಿಂದ ಗೋಡೆಗೆ ಸ್ಕೇಲು ಇಟ್ಟು ನೋಡಿದರೆ 10 ಸೆಂ.ಮೀ. ದೂರದ ವಸ್ತುವಿನ ಬಿಂಬ ಮೂಡುವ ಈ ದೂರವೇ ಮಸೂರದ ಸಂಗಮದೂರ.

ಆಮೇಲೆ ಫ್ಯಾನ್ ಆಫ್ ಮಾಡಿ, ಥರ್ಮಾಕೋಲಿನ ಸೀಳಿನಲ್ಲಿ ಮಸೂರ ನಿಲ್ಲಿಸಿ, 15 ಸೆಂ.ಮೀ. ದೂರದಲ್ಲಿ ಮೇಣದಬತ್ತಿ ಹಚ್ಚುತ್ತೇವೆ. ಆಚೆ ಬದಿ 30 ಸೆಂ.ಮೀ. ದೂರದ ಹಾಳೆಯ ಮೇಲೆ ಎರಡರಷ್ಟು ದೊಡ್ಡ, ತಲೆಕೆಳಗಾದ ಜ್ವಾಲೆ. ಈಗ ಹಾಳೆ ತೆಗೆಯಿರಿ. ಹಾಳೆ ಇದ್ದ ಜಾಗದಿಂದ ಒಂದು ಮೊಳ ಹಿಂದೆ ಸರಿದು, ಮಸೂರದ ನೇರಕ್ಕೆ ಕಣ್ಣು ತನ್ನಿ. ಜ್ವಾಲೆ ಕಾಣುತ್ತದೆ! ಆದರೆ ಮಕ್ಕಳು ಅದು ಮಸೂರದ ಒಳಗಿದೆ ಅಂತಾರೆ. ಅದಕ್ಕೆ ಹಾಳೆ ಇದ್ದ ಜಾಗದಲ್ಲೇ ಪೆನ್ಸಿಲ್ ಮೊನೆ ನಿಲ್ಲಿಸಿ, ತಲೆಯನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಲು ಹೇಳುತ್ತೇನೆ. ಮೊನೆ, ಜ್ವಾಲೆ ಎರಡೂ ಅಂಟಿಕೊಂಡಂತೆ ಜೊತೆಗೇ ಇರುತ್ತವೆ. ಪೆನ್ಸಿಲನ್ನು ಮಸೂರದ ಹತ್ತಿರ ಒಯ್ದರೆ ಎರಡೂ ಬೇರೆಯಾಗುತ್ತವೆ. ಬಿಂಬ ಬರೀ ಗಾಳಿಯಲ್ಲಿ ನಿಂತಿದೆ ಅಂತ ಆಗ ನಂಬುತ್ತಾರೆ.

ಜ್ವಾಲೆಯ ಒಂದೊಂದು ಚುಕ್ಕೆಯಿಂದ ಹೊರಟ ಬೆಳಕು ಮಸೂರದ ತುಂಬ ಬೀಳುತ್ತದೆ. ಮಸೂರ ಅದನ್ನು ಬಾಗಿಸಿ ಮತ್ತೆ ಒಂದು ಚುಕ್ಕೆಗೆ ಸೇರಿಸುತ್ತದೆ. ಬೆಳಕು ಅಲ್ಲಿ ನಿಲ್ಲುವುದಿಲ್ಲ, ದಾಟಿ ಮುಂದೆ ಹೋಗುತ್ತದೆ. ಹಾಳೆ ಇದ್ದರೆ ಅದು ಬೆಳಕನ್ನು ಎಲ್ಲ ಕಡೆಗೂ ಚೆದುರಿಸಿ ಇಡೀ ಕ್ಲಾಸಿಗೆ ತೋರಿಸುತ್ತದೆ, ಅಷ್ಟೇ. ಮಸೂರದ ಅರ್ಧಕ್ಕೆ ರಟ್ಟು ಮುಚ್ಚಿದರೆ ಅರ್ಧ ಜ್ವಾಲೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬರುವುದು ಪೂರ್ತಿ ಜ್ವಾಲೆ, ಹೊಳಪು ಮಾತ್ರ ಕಡಿಮೆ.

ಮಿಥ್ಯ ಬಿಂಬಕ್ಕೆ ಬತ್ತಿ ಬದಲು ಬೆಂಕಿಪೊಟ್ಟಣ ಇಡುತ್ತೇನೆ, 6 ಸೆಂ.ಮೀ. ದೂರಕ್ಕೆ. ಸಂಗಮದೂರಕ್ಕಿಂತ ಹತ್ತಿರ ಇರುವುದರಿಂದ ಮಸೂರ ದಾಟಿದ ಮೇಲೂ ಬೆಳಕು ಹರಡುತ್ತಲೇ ಹೋಗುತ್ತದೆ, ಎಲ್ಲೂ ಸೇರುವುದಿಲ್ಲ. ನಮ್ಮ ಕಣ್ಣಿಗೆ ಅದು ಪೊಟ್ಟಣದ ಕಡೆಯೇ, ಮಸೂರದಿಂದ 15 ಸೆಂ.ಮೀ. ಹಿಂದಿನಿಂದ ಬಂದಂತೆ ಕಾಣುತ್ತದೆ. ಬಿಂಬ ನೇರ, ಎರಡೂವರೆ ಪಟ್ಟು ದೊಡ್ಡದು. "ಮಿಥ್ಯ ಅಂದ್ರೆ ಸುಳ್ಳು ಅಲ್ವಾ ಮಿಸ್?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಆಗ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ತೋರಿಸುತ್ತೇನೆ. ಮೊಬೈಲಿನ ಪುಟ್ಟ ಮಸೂರ ಆ ಹರಡುವ ಬೆಳಕನ್ನು ಸೇರಿಸಿ ತನ್ನೊಳಗೆ ಸತ್ಯ ಬಿಂಬ ಮಾಡಿಕೊಳ್ಳುತ್ತದೆ. ಕಣ್ಣು ಮಾಡುವುದೂ ಇದನ್ನೇ. ಕಣ್ಣಿನ ಒಳಗೆ ಬಿಂಬ ತಲೆಕೆಳಗಾಗಿಯೇ ಬೀಳುತ್ತದೆ ಅಂತ ಖಗೋಳ ವಿಜ್ಞಾನಿ ಕೆಪ್ಲರ್ 1604ರಲ್ಲೇ ಬರೆದಿದ್ದ.

ಕೊನೆಗೆ ಒಂದು ದೂರದರ್ಶಕ ಮಾಡುತ್ತೇವೆ: 50 ಸೆಂ.ಮೀ. ಸಂಗಮದೂರದ ಇನ್ನೊಂದು ಮಸೂರ ಮುಂದೆ, 10ರದ್ದು ಕಣ್ಣಿನ ಹತ್ತಿರ, ನಡುವೆ 60 ಸೆಂ.ಮೀ. ಸೂರ್ಯನ ಕಡೆ ತಿರುಗಿಸಬೇಡಿ ಅಂತ ಮೊದಲೇ ಗಟ್ಟಿಯಾಗಿ ಹೇಳಿರುತ್ತೇನೆ. ಮುಂದಿನ ಮಸೂರ ಗಾಳಿಯಲ್ಲಿ ಸತ್ಯ ಬಿಂಬ ಮೂಡಿಸುತ್ತದೆ, ಹಿಂದಿನದು ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ನಡುವೆ ಹಾಳೆಯೂ ಇಲ್ಲ, ಪರದೆಯೂ ಇಲ್ಲ. ಅದೇ ತೆಂಗಿನಮರ ಐದು ಪಟ್ಟು ದೊಡ್ಡದಾಗಿ, ತಲೆಕೆಳಗಾಗಿ ಕಾಣುತ್ತದೆ. ಕಾಯಿ ಎಷ್ಟಿವೆ ಅಂತ ಮಕ್ಕಳು ಎಣಿಸಲು ಶುರು ಮಾಡುತ್ತಾರೆ.