ಗದ್ದೆ ಕೆಸರಿಗೆ ಇಳಿಸೋಕೆ ನನ್ನ ಆರ್‌ಸಿ ಟ್ರಕ್ಕನ್ನು ತಯಾರು ಮಾಡಿದ್ದು

ಪುನರ್ವಸು ಮಳೆ ಹೊಡೆಯುತ್ತಿದ್ದ ಒಂದು ಭಾನುವಾರ ನನ್ನ ಆರ್‌ಸಿ, ಅಂದರೆ ರಿಮೋಟ್ ಕಂಟ್ರೋಲ್ ಟ್ರಕ್ ನಮ್ಮ ಮನೆ ಕೆಳಗಿನ ಗದ್ದೆಯ ನಡುವೆ ನಿಂತುಬಿಟ್ಟಿತು. ಟಿಲ್ಲರ್ ಹೊಡೆದು ನಾಟಿಗೆ ಸಿದ್ಧ ಮಾಡಿದ್ದ ಗದ್ದೆ. ರಿಮೋಟ್ ಒತ್ತಿದರೆ ಚಕ್ರ ತಿರುಗುತ್ತಿಲ್ಲ, ಸ್ಟೇರಿಂಗ್ ಮಾತ್ರ ಚಳಿ ಬಂದವರ ಹಾಗೆ ನಡುಗುತ್ತಿದೆ. ಪ್ಯಾಂಟ್ ಮಡಚಿಕೊಂಡು ಮೊಣಕಾಲುದ್ದ ಕೆಸರಿಗೆ ಇಳಿದು ಎತ್ತಿಕೊಂಡು ಬಂದೆ. ಅಂಚಿನ ಮೇಲೆ ಛತ್ರಿ ಹಿಡಿದು ನಿಂತಿದ್ದ ಅಪ್ಪಯ್ಯ, "ಇದರ ಬದಲು ಒಂದು ಎಮ್ಮೆಕರು ಸಾಕಿದ್ರೆ ತಾನೇ ಎದ್ದು ಬರ್ತಿತ್ತಲ್ಲೋ" ಅಂದರು.

ಟ್ರಕ್ ಅಂದರೆ 1/10 ಅಳತೆಯ ಕ್ರಾಲರ್, ಕಲ್ಲು ಕೆಸರಲ್ಲಿ ನಿಧಾನಕ್ಕೆ ಹತ್ತಿ ಇಳಿಯುವ ಜಾತಿಯ ಗಾಡಿ. ನಿಜವಾದ ಜೀಪಿನ ಹತ್ತರಲ್ಲೊಂದು ಪಾಲು. ನಾಲ್ಕೂ ಚಕ್ರಕ್ಕೆ ಎಳೆತ, ತೂಕ ಸುಮಾರು ಮೂರು ಕೆ.ಜಿ. ಡಬ್ಬದ ಮೇಲೆ ವಾಟರ್‌ಪ್ರೂಫ್ ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಯಾರ ಡಬ್ಬ ಅನ್ನೋದು ಬೇಡ. ನಾನೂ ಅದನ್ನೇ ಪೂರ್ತಿ ನಂಬಿರಲಿಲ್ಲ. ಯಾರೋ ಹೇಳಿದ್ದು ಕೇಳಿ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರನ್ನು ಒಂದು ಬಲೂನಿನೊಳಗೆ ತೂರಿಸಿ, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದೆ. ಸ್ಪೀಡ್ ಕಂಟ್ರೋಲರಿಗೆ, ಅಂದರೆ ಇಎಸ್‌ಸಿಗೆ, ಮೂರು ಸುತ್ತು ಟೇಪ್.

ಮನೆಗೆ ಬಂದು ಬಲೂನ್ ಬಿಚ್ಚಿದರೆ ಒಳಗೆ ಅರ್ಧ ಚಮಚ ನೀರು. ಹರಿದಿಲ್ಲ, ತೂತಾಗಿಲ್ಲ. ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು. ನಾಲ್ಕೈದು ವೈರ್ ಒಟ್ಟಿಗೆ ಹೊರಗೆ ಬರುವ ಕಡೆ ಎಷ್ಟೇ ಬಿಗಿದು ಕಟ್ಟಿದರೂ ಅವುಗಳ ನಡುವೆ ಸಂದಿ ಇದ್ದೇ ಇರುತ್ತೆ, ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಆ ಸಂದಿ ನೀರನ್ನು ಎಳೆದುಕೊಳ್ಳುತ್ತೆ. ಅದು ಸಾಲದು ಅಂತ, ಓಡಿ ಬಿಸಿಯಾದ ಎಲೆಕ್ಟ್ರಾನಿಕ್ಸ್ ತಣ್ಣೀರಿಗೆ ಬಿದ್ದ ತಕ್ಷಣ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಹೀರುತ್ತೆ. ನೀರು ಬರದೇ ಇದ್ದರೂ, ಒಳಗಿನ ಹಬೆಯೇ ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಬೆವರುತ್ತೆ. ಬಲೂನ್ ನೀರನ್ನು ಹೊರಗಿಡಲಿಲ್ಲ. ಬಂದ ನೀರು ಹೊರಗೆ ಹೋಗದ ಹಾಗೆ ಭದ್ರವಾಗಿ ಕಾದುಕೊಂಡಿತ್ತು ಅಷ್ಟೆ.

ಇಎಸ್‌ಸಿ ಸತ್ತಿತ್ತು. ಅದನ್ನು ಪೇಟೆಯಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ನಮ್ಮ ಪರಿಚಯದ ಅಣ್ಣನ ಹತ್ತಿರ ತಗೊಂಡು ಹೋದೆ, ಏನಾದರೂ ಆಗುತ್ತಾ ಅಂತ. ಆಗಲಿಲ್ಲ. ಆದರೆ ಅವರು ಒಂದು ಪ್ರಶ್ನೆ ಕೇಳಿದರು. "ಬೋರ್‌ವೆಲ್‌ಗೆ ಇಳಿಸೋ ಸಬ್‌ಮರ್ಸಿಬಲ್ ಮೋಟರ್ ಒಳಗೆ ಏನಿರುತ್ತೆ ಹೇಳಿ ನೋಡೋಣ?" ಎಣ್ಣೆ ಅಂದೆ. "ಇದ್ರಲ್ಲಿ ನೀರು ಮಾರಾಯ್ರೆ. ನಾವೇ ತುಂಬಿಸಿ ಬಿಡೋದು" ಅಂದರು. ಬಿಚ್ಚಿಟ್ಟಿದ್ದ ಒಂದು ಮೋಟರಿನ ವೈಂಡಿಂಗ್ ತೋರಿಸಿದರು. ಮಾಮೂಲಿ ತಾಮ್ರದ ತಂತಿ ಅಲ್ಲ, ಪ್ರತಿಯೊಂದು ಸುತ್ತಿಗೂ ಪ್ಲಾಸ್ಟಿಕ್ ಹೊದಿಕೆ ಇರುವ ತಂತಿ. ನೀರಲ್ಲಿ ಮುಳುಗಿಯೇ ವರ್ಷಗಟ್ಟಲೆ ಓಡುತ್ತೆ. ಅಲ್ಲಿಂದ ನನ್ನ ಲೆಕ್ಕ ತಿರುಗಿತು. ನೀರು ಬಂದೇ ಬರುತ್ತೆ ಅಂತ ಇಟ್ಟುಕೊಳ್ಳೋದು, ಬರಿ ಲೋಹ ಎಲ್ಲಿದೆಯೋ ಅಲ್ಲಿಗೆ ತಾಗದ ಹಾಗೆ ನೋಡಿಕೊಳ್ಳೋದು, ಬಂದ ನೀರಿಗೆ ಹೊರಗೆ ಹೋಗೋಕೆ ದಾರಿ ಬಿಡೋದು.

ಅವರ ಹತ್ತಿರವೇ ಚಿಕ್ಕ ಬಾಟಲಿಯಲ್ಲಿ ಗಾಳಿಗೆ ಒಣಗುವ ಇನ್ಸುಲೇಟಿಂಗ್ ವಾರ್ನಿಷ್ ತಂದೆ. ಅಂಗಡಿಯಲ್ಲಿ ಇದಕ್ಕೇ ಅಂತ ಕನ್ಫಾರ್ಮಲ್ ಕೋಟಿಂಗ್ ಸಿಗುತ್ತೆ, ಸಿಕ್ಕರೆ ಅದೇ ಒಳ್ಳೆಯದು. ರಿಸೀವರ್ ಬಿಚ್ಚಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆಯ ಟೂತ್‌ಬ್ರಷ್‌ನಿಂದ ಬೋರ್ಡ್ ಉಜ್ಜಿ, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎರಡು ಕೋಟ್. ಪ್ಲಗ್ ಕೂರುವ ಪಿನ್‌ಗಳಿಗೆ ಮಾತ್ರ ಟೇಪ್ ಅಂಟಿಸಿ ಕಾಪಾಡಬೇಕು, ಅಲ್ಲಿ ವಾರ್ನಿಷ್ ಬಿದ್ದರೆ ಕರೆಂಟೇ ಹಾಯಲ್ಲ. ಪಿನ್‌ಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್. ಇಎಸ್‌ಸಿ ಮಾತ್ರ ಹೊಸದೇ ತಗೊಂಡೆ, ಹಾಬಿವಿಂಗ್ 1060. ಅದರ ಬೋರ್ಡ್ ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬರುತ್ತೆ. ನಿಮ್ಮದು ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯಾದರೆ, ಹಾಕುವಾಗ ಅದರ ಜಂಪರ್ ಅನ್ನೋ ಪುಟ್ಟ ಪಿನ್ ಟೋಪಿ ಲಿಪೋ ಕಡೆ ಇದೆಯಾ ಅಂತ ನೋಡಿಕೊಳ್ಳಿ, ಇಲ್ಲಾಂದ್ರೆ ಬ್ಯಾಟರಿ ತಳ ಕಾಣುವವರೆಗೆ ಹಿಂಡಿಬಿಡುತ್ತೆ.

ಇಲ್ಲಿ ಒಂದು ಪೆದ್ದುತನ ಹೇಳಲೇಬೇಕು. ವಾರ್ನಿಷ್‌ಗಿಂತ ಮೊದಲು ಒಂದು ಸ್ವಿಚ್ಚಿಗೆ ಪ್ಲಂಬರ್‌ಗಳು ಸಿಂಕಿಗೆ ಹಚ್ಚುವ ಸಿಲಿಕೋನ್ ಮೆತ್ತಿದ್ದೆ. ಹಚ್ಚುವಾಗ ಘಮ್ ಅಂತ ವಿನೆಗರ್ ವಾಸನೆ. ತಿಂಗಳು ಕಳೆದು ಕಿತ್ತು ನೋಡಿದರೆ ತಾಮ್ರವೆಲ್ಲ ಹಸಿರು ಕಿಲುಬು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಟ್ಟರೆ ಏನಾಗುತ್ತೆ ಅಂತ ಅಮ್ಮನಿಗೆ ಗೊತ್ತು, ನನಗೆ ಹೊಳೆಯಲಿಲ್ಲ. ಆ ಜಾತಿಯ ಸಿಲಿಕೋನ್ ಒಣಗುವಾಗ ಬಿಡೋದು ವಿನೆಗರಿನಲ್ಲಿರುವ ಆಮ್ಲವನ್ನೇ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದು ತಗೊಳ್ಳಿ. ಹುಳಿ ವಾಸನೆ ಬಂದರೆ ಬೋರ್ಡ್ ಹತ್ತಿರ ತರಬೇಡಿ.

ಆಂಟೆನಾ ಬಗ್ಗೆ ಜಾಸ್ತಿ ಜನ ಯೋಚಿಸಲ್ಲ. ರಿಮೋಟ್ ಕೆಲಸ ಮಾಡೋದು 2.4 ಗಿಗಾಹರ್ಟ್ಸ್‌ನಲ್ಲಿ, ನೀರು ಈ ಸಿಗ್ನಲನ್ನು ಚೆನ್ನಾಗಿ ನುಂಗುತ್ತೆ. ರಿಸೀವರ್ ವೈರಿನ ತುದಿಯ ಸುಮಾರು ಮೂರು ಸೆಂಟಿಮೀಟರ್ ಮಾತ್ರ ನಿಜವಾದ ಆಂಟೆನಾ. ಆ ಮೂರು ಸೆಂಟಿಮೀಟರ್ ನೀರಿನ ಮೇಲಿದ್ದರೆ ಸಾಕು. ಖಾಲಿ ಬಾಲ್‌ಪೆನ್ ರೀಫಿಲ್ ತೊಳೆದು, ಅದರೊಳಗೆ ತೂರಿಸಿ, ಕ್ಯಾಬಿನ್ ಮೂಲೆಯಲ್ಲಿ ಮೇಲಕ್ಕೆ ನಿಲ್ಲಿಸಿದೆ. ಸಿಗ್ನಲ್ ತಪ್ಪಿದರೆ ಟ್ರಕ್ ನಿಲ್ಲುವ ಹಾಗೆ ಫೇಲ್‌ಸೇಫ್ ಸೆಟ್ ಮಾಡಿ, ರಿಮೋಟ್ ಆಫ್ ಮಾಡಿ ಪರೀಕ್ಷೆ ಮಾಡಿದ್ದೂ ಆಯಿತು.

ಇನ್ನು ಸ್ಟೇರಿಂಗ್ ಸರ್ವೋ, ಅಂದರೆ ಮುಂದಿನ ಚಕ್ರಗಳನ್ನು ಎಡಬಲಕ್ಕೆ ಹೊರಳಿಸುವ ಪುಟ್ಟ ಮೋಟರ್ ಪೆಟ್ಟಿಗೆ. ನನ್ನ ಟೈಮ್ ಜಾಸ್ತಿ ತಿಂದಿದ್ದು ಇದು. ಕೆಳಗಿನಿಂದ ನಾಲ್ಕು ಉದ್ದ ಸ್ಕ್ರೂ ಬಿಚ್ಚಿದರೆ ಮೂರು ತುಂಡಾಗಿ ಬರುತ್ತೆ. ಮೇಲಿನ ಮುಚ್ಚಳ ತೆಗೆಯುವಾಗ ಹುಷಾರು, ಗೇರ್‌ಗಳು ಒಂದರ ಮೇಲೊಂದು ಕೂತಿರುತ್ತವೆ, ನಾನು ಮೊದಲ ಸಲ ಒಂದನ್ನು ಮೇಜಿನ ಕೆಳಗೆ ಕಳಕೊಂಡು ಟಾರ್ಚ್ ಹಿಡಿದು ಅರ್ಧ ಗಂಟೆ ಹುಡುಕಿದ್ದೇನೆ. ಮೊದಲೇ ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೆಳಗಿನ ಬೋರ್ಡಿಗೆ ವಾರ್ನಿಷ್. ಗೇರ್ ಪೆಟ್ಟಿಗೆಗೆ ತುಂಬ ಗ್ರೀಸ್. ಮೂರು ತುಂಡು ಕೂಡುವ ಗೆರೆಗೆ ನ್ಯೂಟ್ರಲ್ ಸಿಲಿಕೋನಿನ ಕೂದಲೆಳೆ ಲೇಪ. ಆದರೆ ನೀರು ನುಗ್ಗುವ ಮುಖ್ಯ ಬಾಗಿಲು ಮೇಲಿನ ಶಾಫ್ಟ್. ಅಲ್ಲಿಗೆ ಒಳಗಳತೆ 6 ಮಿ.ಮೀ. ಇರುವ ಓ-ರಿಂಗ್ ಹಾಕಿದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆಗೆ ಸಿಗುತ್ತೆ. ಸರ್ವೋದ ಕೈಯನ್ನು ಸ್ಕ್ರೂ ಬಿಗಿದಾಗ ಅದು ರಿಂಗನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಬೇಕು. ನಾನು ಬಿಗಿ ಜಾಸ್ತಿ ಮಾಡಿದ್ದೆ. ಸುಮ್ನೆ ನಿಂತಾಗಲೂ ಸರ್ವೋ ಜೀರುಂಡೆ ಹಾಗೆ ಗುಂಯ್‌ಗುಡುತ್ತಿತ್ತು, ಮುಟ್ಟಿದರೆ ಬಿಸಿ. ಸ್ಕ್ರೂ ಕಾಲು ಸುತ್ತು ಸಡಿಲಿಸಿದ ಮೇಲೆ ಸುಮ್ಮನಾಯಿತು.

ಮೋಟರ್ ವಿಷಯದಲ್ಲಿ ಹೆದರಿಕೆ ಬೇಡ. ನನ್ನದು 540 ಸೈಜಿನ ಬ್ರಷ್ಡ್ (ಕಾರ್ಬನ್ ಬ್ರಷ್ ಇರುವ) ಮೋಟರ್, 35 ಟರ್ನ್; ಟರ್ನ್ ಅಂದರೆ ಒಳಗಿನ ತಂತಿಯ ಸುತ್ತುಗಳ ಲೆಕ್ಕ. ಹೊಸ ಮೋಟರನ್ನು ಪಳಗಿಸೋದೇ ನೀರಲ್ಲಿ ಅಂದರೆ ನಂಬ್ತೀರಾ? ಒಂದು ಲೋಟ ನೀರಿಗೆ ಮುಳುಗಿಸಿ, ಎರಡು ಪೆನ್ಸಿಲ್ ಸೆಲ್ಲಿನ 3 ವೋಲ್ಟ್ ಕೊಟ್ಟು ಕೆಲವು ನಿಮಿಷ ಓಡಿಸಿದೆ. ನೀರು ನಿಧಾನಕ್ಕೆ ಇದ್ದಿಲು ತೊಳೆದ ಹಾಗೆ ಕಪ್ಪಾಯಿತು. ಕಾರ್ಬನ್ ಬ್ರಷ್ ಸವೆದು, ಅದು ಉಜ್ಜುತ್ತಾ ಕರೆಂಟ್ ಕೊಡುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರಿನ ಉರುಟಿಗೆ ಸರಿಯಾಗಿ ಕೂರುತ್ತಿದೆ ಅಂತ ಅರ್ಥ. ಆಮೇಲೆ ಒಣಗಿಸಿ ಎರಡೂ ಬುಶ್‌ಗೆ ಒಂದೊಂದು ಹನಿ ಎಣ್ಣೆ. ನೀರಲ್ಲ, ಮೋಟರ್ ಕೊಲ್ಲೋದು ಕೆಸರು. ನಮ್ಮ ಕೆಂಪು ಮಣ್ಣಿನ ನುಣ್ಣನೆ ಮರಳು ಒಳಗೆ ಹೋದರೆ ಉಪ್ಪುಕಾಗದ ಉಜ್ಜಿದ ಹಾಗೆ ಬ್ರಷ್ ತಿಂದು ಮುಗಿಸುತ್ತೆ. ಮೋಟರಿಗೆ ಹಳೆ ನೈಲಾನ್ ಕಾಲುಚೀಲ ತೊಡಿಸಿ ನೋಡಿದೆ. ಅದು ಕೆಸರಲ್ಲಿ ಮೆತ್ತಿಕೊಂಡು ಗಾಳಿ ಕಟ್ಟಿ ಮೋಟರ್ ಸುಡುವಷ್ಟು ಕಾಯಿತು, ಕಿತ್ತು ಬಿಸಾಕಿದೆ. ಅದರ ಬದಲು ಪಿನಿಯನ್ ಗೇರ್, ಅಂದರೆ ಮೋಟರ್ ಶಾಫ್ಟಿನ ಮೇಲಿನ ಪುಟ್ಟ ಗೇರ್, ಎರಡು ಹಲ್ಲು ಚಿಕ್ಕದು ಹಾಕಿದೆ. ವೇಗ ಕಡಿಮೆ ಆಯಿತು, ಆದರೆ ಮೋಟರ್ ತಣ್ಣಗಿರುತ್ತೆ. ಕೆಸರಲ್ಲಿ ಓಡುವ ಗಾಡಿಗೆ ವೇಗ ಯಾಕೆ ಬೇಕು ಹೇಳಿ. ಸೆನ್ಸರ್ ಇರುವ ಬ್ರಷ್‌ಲೆಸ್ ಮೋಟರ್ ಇರುವವರು ಮಾತ್ರ ನೀರಿನಿಂದ ದೂರ ಇದ್ದರೆ ಒಳ್ಳೆಯದು, ಅದರ ಹಿಂಬದಿಯ ಸೆನ್ಸರ್ ಬೋರ್ಡ್ ತಡೆಯಲ್ಲ.

ಬೇರಿಂಗ್ ಎಲ್ಲ ರಬ್ಬರ್ ಸೀಲ್ ಇರೋದಕ್ಕೆ ಬದಲಾಯಿಸಿದೆ. ಆಕ್ಸಲ್ ಒಳಗೆ ಟಿಲ್ಲರಿಗೆ ಹೊಡೆಯುವ ಗ್ರೀಸನ್ನೇ ತುಂಬಿಸಿದೆ. ನಾಲ್ಕೈದು ಸಲ ನೀರಿಗೆ ಇಳಿದ ಮೇಲೆ ಆಕ್ಸಲ್ ಬಿಚ್ಚಿ ನೋಡಬೇಕು. ಗ್ರೀಸ್ ಬೆಳ್ಳಗೆ ಕಡೆದ ಮಜ್ಜಿಗೆ ಹಾಗೆ ಕಂಡರೆ ನೀರು ಸೇರಿದೆ, ಒರೆಸಿ ಹೊಸದು ಹಾಕೋದೇ.

ಟೈರ್ ಕಥೆ ಸ್ವಲ್ಪ ಉದ್ದ. ಆರ್‌ಸಿ ಟೈರೊಳಗೆ ಗಾಳಿ ಇರಲ್ಲ, ಸ್ಪಂಜ್ ಇರುತ್ತೆ. ರಿಮ್ಮಿನ ತೂತಿನಿಂದ ನೀರು ಹೋಗಿ ಆ ಸ್ಪಂಜ್ ಕುಡಿಯುತ್ತೆ. ಮೊದಲ ದಿನ ಗಾಡಿ ಯಾಕೆ ಇಷ್ಟು ಭಾರ ಅಂತ ಒಂದು ಚಕ್ರ ಬಿಚ್ಚಿ ಹಿಂಡಿದರೆ ನೆನೆದ ಕಂಬಳಿ ಹಿಂಡಿದ ಹಾಗೆ ಕೆಂಪು ನೀರು ಸುರಿಯಿತು. ಸ್ಪೀಡಾಗಿ ಓಡುವ ಗಾಡಿಯಾದರೆ ಟೈರಿಗೇ ಎರಡು ತೂತು ಹಾಕಿದರೆ ತಿರುಗುವ ರಭಸಕ್ಕೆ ನೀರು ಆಚೆ ಚಿಮ್ಮುತ್ತೆ. ಕ್ರಾಲರ್ ಅಷ್ಟು ವೇಗ ಹೋಗಲ್ಲ. ಹಾಗಾಗಿ ರಿಮ್ಮಿನ ತೂತು ಮುಚ್ಚಿ, ಸ್ಪಂಜ್ ಕಿತ್ತು, ತಂಗಿಯ ಹರಿದ ಯೋಗ ಮ್ಯಾಟಿನಿಂದ ಪಟ್ಟಿ ಕತ್ತರಿಸಿ ಸುತ್ತಿದೆ. ಅದು ನೀರು ಕುಡಿಯಲ್ಲ. ಒಂದು ತೊಂದರೆ ಅಂದರೆ ನಾಲ್ಕು ಚಕ್ರವೂ ತೇಲುವ ಬೆಂಡಾಗಿ, ಆಳದಲ್ಲಿ ಗಾಡಿ ದೋಣಿ ಹಾಗೆ ಅಡ್ಡ ತಿರುಗುತ್ತಿತ್ತು. ಬ್ಯಾಟರಿಯನ್ನು ಆದಷ್ಟು ಕೆಳಗೆ ಇಳಿಸಿ, ಗಾಡಿಯ ಬಾಡಿಯ ಕೆಳಭಾಗದಲ್ಲಿ ತೂತು ಕೊರೆದ ಮೇಲೆ ಸರಿಹೋಯಿತು.

ಹಳ್ಳದ ತಳ ಗಟ್ಟಿ ಇದ್ದರೆ ಸಪೂರ ಟೈರ್ ಕೆಸರು ಸೀಳಿಕೊಂಡು ತಳ ಹಿಡಿಯುತ್ತೆ. ಗದ್ದೆಯಲ್ಲೂ ಗಟ್ಟಿ ತಳ ಇದೆ, ಆದರೆ ಅದು ಟಿಲ್ಲರಿಗೆ ಸಿಗುವ ಆಳದಲ್ಲಿದೆ. ನನ್ನ ಗಾಡಿ ಅಷ್ಟು ಇಳಿದರೆ ಬಾಡಿಯೇ ಕಾಣಲ್ಲ. ಟಿಲ್ಲರನ್ನೇ ನೋಡಿ ಸೈಕಲ್ ಸ್ಪೋಕ್ ಕತ್ತರಿಸಿ ಪುಟ್ಟ ಕೇಜ್ ವೀಲ್, ಅಂದರೆ ಪಂಜರದಂಥ ಕಬ್ಬಿಣದ ಚಕ್ರ ಮಾಡಿಸಿದೆ. ವೆಲ್ಡಿಂಗ್ ಮಾಡಿದವನು ಮೂರು ಸಲ ಕೇಳಿದ, "ಇದು ಎಂಥದಕ್ಕೆ?" ಅಂತ. ಅದನ್ನು ಹಿಂದಿನ ಚಕ್ರಕ್ಕೆ ಸೇರಿಸಿ ಬಿಟ್ಟರೆ, ಆಹಾ, ರಾಡಿ ಎರಚಿಕೊಂಡು ಗದ್ದೆಯ ಆ ಅಂಚಿನಿಂದ ಈ ಅಂಚಿಗೆ ಬಂತು. ಎರಡನೇ ಸುತ್ತಿಗೆ ಪ್ಲಾಸ್ಟಿಕ್ ಡ್ರೈವ್ ಶಾಫ್ಟ್ ಕಬ್ಬಿನ ಸಿಪ್ಪೆ ಹಾಗೆ ತಿರುಚಿಕೊಂಡಿತು. ಈಗ ಸ್ಟೀಲಿನದು ಇದೆ.

ಇಳಿಸೋಕೆ ಮೊದಲು ಗಾಡಿಯ ಅಡಿಗೆ ತೆಂಗಿನೆಣ್ಣೆ ಸವರುತ್ತೇನೆ. ಹಲಸಿನ ಹಣ್ಣು ಕೊಯ್ಯುವಾಗ ಕೈಗೆ ಹಚ್ಚಿಕೊಳ್ಳಲ್ವಾ, ಅದೇ ಲೆಕ್ಕ. ಜೇಡಿ ಅಂಟಲ್ಲ, ಒಂದು ಚೊಂಬು ನೀರಿಗೆ ಜಾರಿ ಹೋಗುತ್ತೆ. ಟೈರಿಗೆ ಮಾತ್ರ ತಾಗಿಸಬೇಡಿ.

ಓಡಿಸಿ ಬಂದ ಮೇಲಿನ ಕೆಲಸ ಬೇಜಾರು, ಆದರೆ ಬಿಡುವ ಹಾಗಿಲ್ಲ. ಮೊದಲು ಬ್ಯಾಟರಿ ಹೊರಗೆ. ಒದ್ದೆ ಬ್ಯಾಟರಿ ಚಾರ್ಜಿಗೆ ಹಾಕಲೇಬಾರದು. ಒಳ್ಳೆ ನೀರಲ್ಲಿ ಗಾಡಿ ತೊಳೆದು, ಬೇರಿಂಗ್ ಮತ್ತು ಸ್ಕ್ರೂಗಳಿಗೆ ಡಬ್ಲ್ಯುಡಿ-40 ಹೊಡೆದು, ನೀರು ಆರಿದ ಮೇಲೆ ಎಣ್ಣೆ. ಡಬ್ಲ್ಯುಡಿ ನೀರು ಓಡಿಸುತ್ತೆ, ಆದರೆ ಎಣ್ಣೆಯ ಕೆಲಸವನ್ನು ಜಾಸ್ತಿ ದಿನ ಮಾಡಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗಲ್ಲ, ಇನ್ನು ಇದು ಎಲ್ಲಿ. ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕುತ್ತೇನೆ. ಅಮ್ಮನ ಸೀರೆ ಪಕ್ಕದಲ್ಲಿ ಗ್ರೀಸ್ ತೊಟ್ಟಿಕ್ಕಿದ ದಿನ ಏನಾಯಿತು ಅಂತ ಬರೆಯಲ್ಲ. ಮತ್ತೆ ಸಮುದ್ರದ ಕಡೆ ಹೋಗಬೇಡಿ. ಮರವಂತೆಯಲ್ಲಿ ಗೆಳೆಯರ ಮಾತು ಕೇಳಿ ಒಂದೇ ಒಂದು ಅಲೆಗೆ ಬಿಟ್ಟೆ, ಅವತ್ತೇ ತೊಳೆದೂ ನಾಲ್ಕು ದಿನಕ್ಕೆ ಸ್ಕ್ರೂ ತಲೆಗಳೆಲ್ಲ ತುಕ್ಕು. ಉಪ್ಪುನೀರಿಗೆ ನನ್ನ ಹತ್ತಿರ ಮದ್ದಿಲ್ಲ.

ಹೋದ ವರ್ಷ ಆಶ್ಲೇಷ ಮಳೆಯಲ್ಲಿ ಅಪ್ಪಯ್ಯ ತಾವೇ ಕರೆದರು. ರಸ್ತೆ ಅಡಿಯ ಮೋರಿಯಲ್ಲಿ ತೋಟದ ನೀರಿನ ಪೈಪ್ ದಾಟಿಸಬೇಕಿತ್ತು, ಎರಡು ಅಡಿ ಅಗಲದ ಸಿಮೆಂಟ್ ಕೊಳವೆ, ಒಳಗೆ ಅರ್ಧ ಗೇಣು ಹೂಳು ನೀರು. "ನಿನ್ನ ಎಮ್ಮೆಕರು ಒಂದು ಹಗ್ಗ ಆಚೆ ಒಯ್ಯುತ್ತಾ?" ಹಿಂದಿನ ಬಂಪರಿಗೆ ನೈಲಾನ್ ದಾರ ಕಟ್ಟಿ ಬಿಟ್ಟೆ. ನಾನು ರಸ್ತೆ ಮೇಲೆ ನಿಂತಿದ್ದೆ, ಸುಮಾರು ಹನ್ನೆರಡು ಅಡಿ ಹೋಗುತ್ತಲೇ ಸದ್ದು ನಿಂತಿತು. ಹಸಿ ಮಣ್ಣು, ಸಿಮೆಂಟು ಎಲ್ಲ ದಾಟಿ ಸಿಗ್ನಲ್ ಹೋಗಲಿಲ್ಲ. ಅದೇ ದಾರ ಹಿಡಿದು ವಾಪಸ್ ಎಳೆದೆವು. ಎರಡನೇ ಸಲ ನಾನೇ ಮೋರಿಯ ಬಾಯಲ್ಲಿ ಕೆಸರಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ರಿಮೋಟನ್ನು ಒಳಗೆ ಚಾಚಿ ಹಿಡಿದು ಬಿಟ್ಟೆ. ಆ ತುದಿಯಿಂದ ಅಪ್ಪಯ್ಯ "ಬಂತು, ಬಂತು, ನಿಲ್ಸು" ಅಂತ ಕೂಗಿದರು. ಆಂಟೆನಾ ರೀಫಿಲ್ ಬಾಗಿತ್ತು, ಬೇರೇನೂ ಆಗಿರಲಿಲ್ಲ. ನನ್ನ ಅಂಗಿ ಮಾತ್ರ ಇವತ್ತಿಗೂ ಬೆಳ್ಳಗಾಗಿಲ್ಲ.